ಒರೆಯೊಳಗಿನ ಕೀಲು

ಬಾಗಿಲಿಗೆ ಅಗುಳಿಯುಂಟೆಂಬುದು ಒಂದು ಮಾತು. ಅಗುಳಿ ಬಿದ್ದಿರುವುದೆಂಬುದು ಮತ್ತೊಂದು. ಇವೆರಡರ ಅಂತರವನ್ನು ನಾವು ಟೆಕ್ಸಾಸಿನಲ್ಲಿರುವ ಸೋದರಳಿಯನ ಮನೆಯಲ್ಲಿ ಒಂದು ಸಂಜೆ ಕಲಿತೆವು.

ಅಲ್ಲಿ ಅವನದೊಂದು ಅಂಗಡಿ. ರಾತ್ರಿ ಹಣವನ್ನು ತೆಗೆದುಕೊಂಡು ಒಬ್ಬನೇ ಹಿಂದಿರುಗಬೇಕಾದುದರಿಂದ, ಸೊಂಟದ ತೊಗಲೊರೆಯಲ್ಲಿ ಪಿಸ್ತೂಲೊಂದನ್ನಿಟ್ಟು, ಮೇಲೆ ಅಂಗಿಯನ್ನು ಮರೆಮಾಡಿಕೊಂಡು ಹೋಗುವನು. ಆ ರಾಜ್ಯದಲ್ಲಿ ಕಾನೂನಿನ ನಿಷೇಧಕ್ಕೊಳಗಾಗದ, 21 ವರ್ಷ ತುಂಬಿದವರಿಗೆ 2021ರ ಸೆಪ್ಟೆಂಬರಿನಿಂದ ಇದಕ್ಕೆ ಪರವಾನಗಿಯೂ ಬೇಕಿಲ್ಲ. ಅವನ ಪಿಸ್ತೂಲು ಜಾನ್ ಬ್ರೌನಿಂಗನು ರಚಿಸಿ, ಅಮೆರಿಕದ ಸೈನ್ಯವು 1911ರಲ್ಲಿ ಅಂಗೀಕರಿಸಿದ ಮಾದರಿಯದು. ಗುಂಡು ತುಂಬಿ, ಹಿಂದಿನ ಸುತ್ತಿಗೆಯನ್ನು ಹೂಡಿದ ಮೇಲೆ, ಪಕ್ಕದ ಚಿಕ್ಕ ಕೀಲನ್ನು ಹೆಬ್ಬೆರಳಿನಿಂದ ಮೇಲಕ್ಕೊತ್ತಿದರೆ ಗುಂಡು ಹಾರದು; ಕೆಳಕ್ಕೊತ್ತಿದರೆ ಹಾರಲು ಸಿದ್ಧ. ಇದಕ್ಕೆ ಸೇಫ್ಟಿಯೆಂದು ಹೆಸರು. ಹಿಡಿಯ ಹಿಂಬದಿಯಲ್ಲಿ ಇನ್ನೊಂದು ತಡೆಯುಂಟು. ಆದರೆ ಬಿಗಿಯಾಗಿ ಹಿಡಿದ ಕೈಯೇ ಅದನ್ನು ಬಿಡಿಸಿಬಿಡುವುದು.

“ಕೀಲು ಹಾಕಿದೆ ಮಾವ, ಚಿಂತೆಯಿಲ್ಲ” ಎಂದು ಅವನು ನಿತ್ಯವೂ ಹೇಳುತ್ತಿದ್ದನು. ನಾವೂ ನಂಬಿದ್ದೆವು.

ಒಂದು ಭಾನುವಾರ ಮನೆಗೆ ಬಂದವನು ಪಿಸ್ತೂಲನ್ನು ಒರೆಸಹಿತ ಬಿಚ್ಚಿ, ಕಬ್ಬಿಣದ ಪೆಟ್ಟಿಗೆಯಲ್ಲಿಡಹೋಗಿ ಸ್ತಬ್ಧನಾದನು. ಕೀಲು ಕೆಳಗಿತ್ತು! ಕಾರಿನ ಪಟ್ಟಿ ಉಜ್ಜಿತೋ, ಬೆಳಗ್ಗೆ ಮರೆತನೋ, ಅವನೇ ಅರಿಯನು. ಅದುವರೆಗೂ ನಾಲ್ಕು ವರ್ಷದ ಮಗಳು ಅವನ ಸೊಂಟಕ್ಕೆ ಜೋತುಬಿದ್ದು ಆಡುತ್ತಿದ್ದಳು. ಟ್ರಿಗರನ್ನು ಪೂರ್ಣವಾಗಿ ಮುಚ್ಚಿದ್ದ ಆ ಗಟ್ಟಿ ತೊಗಲೇ ಅಂದು ಕಾವಲಾಗಿದ್ದಿತು.

ಆ ರಾತ್ರಿ ನಮಗಿಬ್ಬರಿಗೂ ನಿದ್ರೆ ಬರಲಿಲ್ಲ. ಬಹಳ ಹೊತ್ತು ಮಾತನಾಡಿದೆವು. ಹೆಬ್ಬೆರಳಿನ ಕೀಲಿಲ್ಲದ ಪಿಸ್ತೂಲುಗಳೂ ಬೇಕಾದಷ್ಟಿವೆ. ಆಸ್ಟ್ರಿಯದ ಸೈನ್ಯವು 1982ರಲ್ಲಿ ಆರಿಸಿಕೊಂಡ ಗ್ಲಾಕ್ ಅಂತಹುದು. ಪ್ರಾಣಭಯದಲ್ಲಿ ನಡುಗುವ ಕೈ ಕೀಲನ್ನು ಮರೆತೀತೆಂಬುದು ಅದನ್ನು ಮೆಚ್ಚುವವರ ವಾದ. ಒರೆಗೆ ಸೇರಿಸುವಾಗ ಅಂಗಿಯ ಅಂಚು ಟ್ರಿಗರಿಗೆ ಸಿಕ್ಕಿದರೆ, ಕೀಲೊಂದೇ ಕಾಪಾಡೀತೆಂಬುದು ಇತರರ ವಾದ. ಎರಡರಲ್ಲಿಯೂ ಹುರುಳಿದೆ. ಒಂದು ದಿನ ಹಾಕಿ ಒಂದು ದಿನ ಮರೆಯುವವನಿಗೆ ಮಾತ್ರ ಎರಡು ಕೇಡೂ ತಪ್ಪದು: ಬಿಡಿಸಿದೆನೆಂದಾಗ ಹಾಕಿರುವುದು, ಹಾಕಿದೆನೆಂದಾಗ ಬಿಟ್ಟಿರುವುದು. ಕೀಲು ಕಬ್ಬಿಣದ್ದು, ಅದನ್ನು ಕಾಯುವುದು ಕೈಯ ರೂಢಿ.

ಮರುದಿನದಿಂದ ಅವನು ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು, ಪಿಸ್ತೂಲು ಬರಿದಾಗಿದೆಯೆಂದು ಎರಡು ಬಾರಿ ಪರೀಕ್ಷಿಸಿ, ಅಭ್ಯಾಸಕ್ಕೆ ತೊಡಗಿದನು. ಎತ್ತಿ ಗುರಿಹಿಡಿದಾಗ ಕೀಲು ಕೆಳಕ್ಕೆ. ಒರೆಗೆ ಸೇರಿಸುವ ಮೊದಲು ಮೇಲಕ್ಕೆ. ಸೇರಿಸುವಾಗ ಅಂಗಿ ಪಕ್ಕಕ್ಕೆ, ದೃಷ್ಟಿ ಒರೆಯ ಮೇಲೆ. ಕೀಲು ಹೇಗೇ ಇರಲಿ, ಗುಂಡು ಹಾರಿಸುವ ನಿಶ್ಚಯವಿಲ್ಲದೆ ಬೆರಳು ಟ್ರಿಗರನ್ನು ಮುಟ್ಟಕೂಡದು. ಪ್ರತಿ ಸಂಜೆಯೂ ಇದೇ ಪಾಠ. ಮಗಳು ಹತ್ತಿರ ಬರುವ ಮೊದಲೇ ಪಿಸ್ತೂಲು ಪೆಟ್ಟಿಗೆ ಸೇರಿ ಬೀಗ ಬೀಳುವುದು.

ನಾವು ಹೊರಡುವ ದಿನ ಅಂಗಡಿಗೆ ಹೋಗುತ್ತಿದ್ದವನನ್ನು ಸುಮ್ಮನೆ ನೋಡಿದೆವು. ನಮ್ಮ ಮನಸ್ಸು ಅವನಿಗೆ ತಿಳಿಯಿತು. ಈ ಸಾರಿ ‘ಚಿಂತೆಯಿಲ್ಲ’ ಎನ್ನಲಿಲ್ಲ.

“ನೋಡಿದೆ ಮಾವ” ಎಂದನು.