ಕಪಾಟಿನ ಕೀಲಿ

ಮೊನ್ನೆ ತಮ್ಮನ ಮಗನು ಮೆಕ್‌ಲಾರೆನ್ ಎಫ್ 1 ಎಂಬ ಕಾರಿನ ಚಿತ್ರ ತೋರಿಸಿ, “ದೊಡ್ಡಪ್ಪಾ, ಇದು ಸೂಪರ್‌ಕಾರು. ಎಂಜಿನ್ನಿನ ಸುತ್ತ ಬಂಗಾರದ ತೆಳುಹಾಳೆ ಹಾಸಿದ್ದಾರೆ” ಎಂದನು. ಸಿರಿವಂತರ ಸೊಕ್ಕೆಂದು ಮೂಗು ಮುರಿದೆನು. ಶಾಖವನ್ನು ಹಿಮ್ಮೆಟ್ಟಿಸಲು ಬಂಗಾರವೇ ಲೇಸಾದುದರಿಂದ ಬಳಸಿದರಂತೆ, ಶೋಭೆಗಲ್ಲ. ಕಾರ್ಬನ್ ಫೈಬರಿನ ಹಗುರ ಒಡಲು, ನಟ್ಟನಡುವೆ ಚಾಲಕನ ಆಸನ, ಬೆನ್ನಹಿಂದೆ 12 ಸಿಲಿಂಡರುಗಳ ಎಂಜಿನ್. 1998ರಲ್ಲಿ ಅದು ಮುಟ್ಟಿದ ವೇಗ ಗಂಟೆಗೆ 386 ಕಿಲೋಮೀಟರ್. ತಯಾರಾದವು ಒಟ್ಟು 106 ಮಾತ್ರ. ಬೇಡದ ಭಾರವನ್ನೆಲ್ಲ ತೊರೆದ ಆ ಕುಶಲಿಗಳಿಗೆ ಮನದಲ್ಲೇ ಕೈಮುಗಿದೆನು.

ಆದರೆ 1995ರಲ್ಲಿ ನಿರ್ಮಿತವಾದ ಅಂಥದೊಂದು ಕಾರು 2021ರಲ್ಲಿ ಅಮೆರಿಕದ ಹರಾಜಿನಲ್ಲಿ 2 ಕೋಟಿ ಡಾಲರಿಗೂ ಮಿಗಿಲಾಗಿ ಮಾರಿತು. ಅಷ್ಟರವರೆಗೆ ಓಡಿದ್ದು ಸುಮಾರು 390 ಕಿಲೋಮೀಟರ್! ಒಂದು ಗಂಟೆಯ ಓಟಕ್ಕೆ 26 ವರ್ಷ. ಹಣ ಬೆಳೆಯಿತು ನಿಜ. ಕಾರಿನ ಜನ್ಮ ಸಾರ್ಥಕವಾಯಿತೆ?

ಹೀಗೆನ್ನುವಾಗ ಹುಡುಗನ ದೃಷ್ಟಿ ನನ್ನ ಗಾಜಿನ ಕಪಾಟಿನತ್ತ ಹೊರಳಿತು. ಎರಡು ತಿಂಗಳ ಪಿಂಚಣಿ ಸುರಿದು ತಂದ ಗ್ರಂಥಮಾಲೆ ಅಲ್ಲಿದೆ. ಹಾಳೆ ಮಾಸೀತೆಂದು ಯಾರಿಗೂ ಕೊಟ್ಟವನಲ್ಲ. ನಾನೂ ಪೂರ್ತಿ ಓದಿದವನಲ್ಲ. ನಾಚಿಕೆಯಾಯಿತು. ಕೀಲಿಯನ್ನು ಅವನ ಕೈಗಿತ್ತೆನು.