ಬೆಳ್ಳಿ ಒಲಿಯುತ್ತಿದ್ದ ಕಾಲ

ನಾನು ಬೆಂಗಳೂರಿನ ಪ್ರಯೋಗಾಲಯಕ್ಕೆ ಸೇರಿದಾಗ ಸರ್ಸ್, ಅಂದರೆ ಲೋಹದ ಮೇಲ್ಮೈಯ ನೆರವಿನಿಂದ ಅಣುವಿನ ರಾಮನ್ ಸಿಗ್ನಲನ್ನು ಹೆಚ್ಚಿಸಿ ನೋಡುವ ವಿಧಾನ, ಹಾಟ್ ಪ್ಲೇಟಿನ ಮುಂದಿನ ಕೆಲಸ. ಸಿಲ್ವರ್ ನೈಟ್ರೇಟ್ ಕುದಿಸಿ, ಸಿಟ್ರೇಟ್ ಹನಿಸಿ, ಗಂಟೆಹೊತ್ತು ಕಾಯಬೇಕು. 1982ರಲ್ಲಿ ಲೀ ಮತ್ತು ಮೈಸಲ್ ಬರೆದಿಟ್ಟ ವಿಧಾನ. ನೀರು ಹಸಿರುಹಳದಿಗೆ ತಿರುಗಿ ಮಸುಕಾದರೆ ಬೆಳ್ಳಿಯ ನ್ಯಾನೊಕಣ ಸಿದ್ಧ. ನಮ್ಮಲ್ಲಿ ಒಬ್ಬ ಹಿರಿಯರ ಕೈಗೆ ಮಾತ್ರ ಅದು ಸರಿಯಾಗಿ ಒಲಿಯುತ್ತಿತ್ತು. ಅದೇ ತೂಕ, ಅದೇ ಬಿಸಿ ಇಟ್ಟರೂ ಉಳಿದವರ ಬ್ಯಾಚ್ ಬೇರೆಯೇ ಆಗುತ್ತಿತ್ತು.

ಇಷ್ಟು ಪಾಡು ಯಾಕೆಂದರೆ, ರಾಮನ್ 1928ರಲ್ಲಿ ಕಲ್ಕತ್ತದಲ್ಲಿ ಕಂಡ, ಅಣುಗಳಿಂದ ತರಂಗಾಂತರ ಬದಲಿಸಿ ಚದುರುವ ಬೆಳಕು ಬಹಳ ಕ್ಷೀಣ. ಅಣು ಒರಟು ಬೆಳ್ಳಿಗೆ ಅಂಟಿದರೆ ಆ ಬೆಳಕು ಪ್ರಬಲವಾಗುತ್ತದೆ. 1974ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಫ್ಲೈಶ್‌ಮನ್ ಮತ್ತು ಜೊತೆಗಾರರಿಗೆ ಪಿರಿಡಿನ್‌ನಲ್ಲಿ ಇದು ಕಂಡಿತು. ಬರೀ ಮೇಲ್ಮೈ ಹೆಚ್ಚಾದದ್ದು ಕಾರಣವಲ್ಲ ಎಂದು 1977ರಲ್ಲಿ ಅಮೆರಿಕದ ವಾನ್ ಡೈನ್ ಮತ್ತು ಇಂಗ್ಲೆಂಡಿನ ಕ್ರೈಟನ್ ತಂಡಗಳು ಬೇರೆಬೇರೆಯಾಗಿ ತೋರಿಸಿದವು.

ಹೊಸ ಸಬ್‌ಸ್ಟ್ರೇಟ್, ಅಂದರೆ ಅಣು ಅಂಟುವ ಲೋಹದ ತಳ, ಬಂದರೆ ಆಗ ಒಂದೇ ಪರೀಕ್ಷೆ. ರೊಡಮಿನ್ 6ಜಿ ಬಣ್ಣವನ್ನು ತೆಳ್ಳಗೆ ಮಾಡುತ್ತಾ ಹೋಗುವುದು, ಇನ್ನೂ ಸಿಗ್ನಲ್ ಕಂಡರೆ ಬೀಗುವುದು. ಒಂದು ಹೊಳೆಯುವ ಚುಕ್ಕೆ ಸಿಕ್ಕರೆ ಸಾಕು, ಪ್ರಬಂಧಕ್ಕೆ ಅದೇ ಚಿತ್ರ. ಹಸಿರು ಲೇಸರಿಗೆ ತಾನಾಗಿ ಅನುರಣಿಸುವ ಆ ಬಣ್ಣ ಎಲ್ಲ ಲೋಹಕ್ಕೂ ಒಳ್ಳೆಯ ಹೆಸರು ಕೊಡುತ್ತಿತ್ತು ಅನ್ನುವುದು ನನ್ನ ಹಳೆಯ ತಕರಾರು. 1997ರ ನಂತರ ಕೋಟಿ ಕೋಟಿ ಪಟ್ಟು ವರ್ಧನೆ ಎಂಬ ಮಾತು ಮಾಮೂಲಾಯಿತು. 2007ರಲ್ಲಿ ನ್ಯೂಜಿಲೆಂಡಿನ ಲೆ ರು, ಎಚೆಗೊಯಿನ್ ಮೊದಲಾದವರು ಲೆಕ್ಕದ ಬುಡವನ್ನೇ ಕೆದಕಿದರು: ಒಬ್ಬೊಬ್ಬರು ಒಂದೊಂದು ಅರ್ಥದಲ್ಲಿ ವರ್ಧನೆ ಅಳೆದರೆ ಹೋಲಿಸುವುದು ಹೇಗೆ?

ಅಲ್ಲಿಂದ ನಮ್ಮ ದಿನಚರಿಯೂ ಬದಲಾಯಿತು. ಚಿನ್ನ ಲೇಪಿಸಿದ ಚಿಪ್ ಬಂತೆಂದರೆ ಮೊದಲು ಸಿಲಿಕಾನಿನ 520ರ ರಾಮನ್ ಗೆರೆಗೆ ಯಂತ್ರ ಹೊಂದಿಸುತ್ತೇವೆ. ಗಂಧಕದಿಂದ ಲೋಹ ಹಿಡಿದು ಒಂದೇ ಪದರವಾಗಿ ಕೂರುವ ಮರ್‌ಕ್ಯಾಪ್ಟೊಬೆಂಜೋಯಿಕ್ ಆಮ್ಲ ಹಾಕಿ, 785 ನ್ಯಾನೊಮೀಟರ್ ಲೇಸರನ್ನು ಚಿಪ್ಪಿನ ಉದ್ದಗಲಕ್ಕೂ ಓಡಿಸುತ್ತೇವೆ. ಆ ಆಮ್ಲದ 1076ರ ಗೆರೆ ಮೂಲೆಯಲ್ಲೂ ನಡುವಲ್ಲೂ ಒಂದೇ ಎತ್ತರ ಇದೆಯೇ ಎಂಬುದೇ ಈಗಿನ ಪ್ರಶ್ನೆ. ಬೆಳ್ಳಿಯದಾದರೆ ಪೊಟ್ಟಣ ಒಡೆದಿಟ್ಟು ಕೆಲವು ವಾರ ಬಿಟ್ಟು ಮತ್ತೆ ಅಳೆಯಬೇಕು. ಗಾಳಿಯಲ್ಲಿರುವ ಗಂಧಕ ಅದನ್ನು ಕಪ್ಪಾಗಿಸುತ್ತದೆ. ಬೇಸರದ ಕೆಲಸ, ಆದರೆ ನನಗೆ ಇದರ ಮೇಲೇ ಹೆಚ್ಚು ನಂಬಿಕೆ.

ಈಚೆಗೆ ಬೆಳ್ಳಿಕಣ ಮುದ್ರಿಸಿದ ಕಾಗದದಿಂದ ಹಣ್ಣಿನ ಸಿಪ್ಪೆ ಒರೆಸಿ ಥೈರಾಮ್ ಎಂಬ ಶಿಲೀಂಧ್ರನಾಶಕವನ್ನು ಪತ್ತೆ ಮಾಡುವುದು ಜನಪ್ರಿಯ. ಅದರ 1380ರ ಗೆರೆ ಚೆನ್ನಾಗಿಯೇ ಬರುತ್ತದೆ. ಥೈರಾಮಿನಲ್ಲಿ ಗಂಧಕವಿದೆ, ಅದು ತಾನಾಗಿಯೇ ಬೆಳ್ಳಿಗೆ ಅಂಟುತ್ತದೆ. ಅಷ್ಟು ಸುಲಭಕ್ಕೆ ಅಂಟದ ಕೀಟನಾಶಕವನ್ನು ಅದೇ ಕಾಗದದ ಮೇಲೆ ಹಾಕಿ ತೋರಿಸಿ ಎಂದು ಹೊಸ ಹುಡುಗರಿಗೆ ಹೇಳುತ್ತಿರುತ್ತೇನೆ.