ಕಾರಿಗೊಂದು ಕಿಕ್ಕು

ತೇರದಾಳ, ರಬಕವಿ, ಜಮಖಂಡಿ ಸೀಮೆಯಲ್ಲಿ ಭಾರಕ್ಕೆ ಮರ್ಯಾದೆ ಜಾಸ್ತಿ. ಕಬ್ಬಿನ ಹಂಗಾಮು ಬಂತೆಂದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡು, ಹಾಡು ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರು. ಜಾತ್ರೆ ಬಂತೆಂದರೆ ತೆರಬಂಡಿ, ಅಂದರೆ ಚಕ್ರ ತಿರುಗದಂತೆ ಬಿಗಿದ ಬಂಡಿಯನ್ನು ನೆಲ ಕೆರೆಯುತ್ತ ಜಗ್ಗುವ ಜೋಡೆತ್ತು. ಎಷ್ಟು ಜಗ್ಗಿತು ಎಂಬುದೇ ಇಲ್ಲಿ ಯಂತ್ರಕ್ಕೂ ಎತ್ತಿಗೂ ಕೊಡುವ ಅಂಕ. ಇಂಥ ಊರಲ್ಲಿ ನಿಂತು ‘ಕಾರಿಗೆ ಬೈಕಿನ ಇಂಜಿನ್ ಕೂರಿಸುತ್ತೇನೆ’ ಎಂದರೆ, ಇರುವೆಗೆ ನೊಗ ಕಟ್ಟುತ್ತೇನೆ ಎಂದಂತೆ ಕೇಳುತ್ತದೆ. ಆದರೆ ಅದೇ ಜಾತ್ರೆಯಲ್ಲಿ ಓಟದ ಗಾಡಿಗಳೂ ಇರುತ್ತವಲ್ಲ? ಅಲ್ಲಿಗೆ ಯಾರೂ ಗೊಬ್ಬರ ಹೇರುವ ಬಂಡಿ ತರುವುದಿಲ್ಲ. ಎತ್ತಿನ ಕಸುವು ಓಟಕ್ಕೇ ಹೋಗಬೇಕು, ಕಟ್ಟಿಗೆ ಹೊರುವುದಕ್ಕಲ್ಲ ಎಂದು ಗಾಡಿಯನ್ನು ಎಷ್ಟು ಸಪೂರ ಮಾಡಬಹುದೋ ಅಷ್ಟು ಮಾಡಿರುತ್ತಾರೆ. ಹಗುರ ಕಾರಿಗೆ ಬೈಕಿನ ಇಂಜಿನ್ ಕೂರಿಸುವ ಕಲೆಯೂ ಈ ಜಾತಿಯದೇ. ಇದನ್ನು ಇಂಜಿನ್ನಿನ ಕೆಲಸ ಎನ್ನುತ್ತಾರೆ. ನನ್ನ ಪ್ರಕಾರ ಇದು ತೂಕದ ಕೆಲಸ. ಸಣ್ಣ ಇಂಜಿನ್ನು ಕಟ್ಟುವವನ ಕೈಯಲ್ಲಿ ಒಂದು ತಕ್ಕಡಿ ಕೊಟ್ಟು ಕೂರಿಸುತ್ತದೆ, ಅದೇ ಇದರ ರುಚಿ.

ಉದಾಹರಣೆಗೆ ದೂರ ಹೋಗಬೇಕಿಲ್ಲ. ಪಕ್ಕದ ಸಾಂಗ್ಲಿ ಜಿಲ್ಲೆಯ ದೇವರಾಷ್ಟ್ರೆಯ ದತ್ತಾತ್ರೇಯ ಲೋಹಾರ್ ಸುಮಾರು ಅರವತ್ತು ಸಾವಿರ ರೂಪಾಯಿಯಲ್ಲಿ ಗುಜರಿ ಸಾಮಾನಿನಿಂದಲೇ ಜೀಪಿನ ಮೋರೆಯ ಪುಟ್ಟ ಗಾಡಿಯೊಂದನ್ನು ಕಟ್ಟಿದರು. 2021ರ ಡಿಸೆಂಬರಿನಲ್ಲಿ ಅದರ ವಿಡಿಯೊ ದೇಶವೆಲ್ಲ ಸುತ್ತಿತು. ಆನಂದ್ ಮಹೀಂದ್ರಾ ಅದನ್ನು ನೋಡಿ, ಕಾನೂನಿಗೆ ಇದು ಒಗ್ಗದು ಎಂದು ಹೇಳುತ್ತಲೇ ಮೆಚ್ಚಿ, ಮುಂದಿನ ತಿಂಗಳು ಬೊಲೆರೊ ಕೊಟ್ಟು ಆ ಗಾಡಿ ಪಡೆದುಕೊಂಡರು. ಜನ ಮೆಚ್ಚಿದ್ದು ಜುಗಾಡನ್ನು. ನನ್ನ ಕಣ್ಣು ನೆಟ್ಟಿದ್ದು ಕಿಕ್ಕಿನ ಮೇಲೆ. ಬೈಕಿನಂತೆ ಕಾಲಲ್ಲಿ ಒದ್ದು ಚಾಲೂ ಮಾಡುವ ಕಾರು ಅದು. ಒಂದು ಕಾಲಿನ ಒದೆತಕ್ಕೆ ತಿರುಗುವಷ್ಟು ಚಿಕ್ಕ ಇಂಜಿನ್ನು ಮನೆಮಂದಿಯನ್ನೆಲ್ಲ ಹೊತ್ತು ಹೊರಡುತ್ತದೆ ಎಂದರೆ, ಉಳಿದ ಗಾಡಿಯಲ್ಲಿ ಬೇಡದ ಕಬ್ಬಿಣ ಎಷ್ಟು ಕಡಿಮೆ ಇರಬೇಕು!

ಲೆಕ್ಕ ಹಾಕಿ ನೋಡೋಣ. ನಮ್ಮೆಲ್ಲರಿಗೂ ಪರಿಚಯದ ಮಾರುತಿ 800ರ ಇಂಜಿನ್ನು 796 ಸಿಸಿ, 37 ಅಶ್ವಶಕ್ತಿ. ಗಾಡಿಯ ತೂಕ ಸುಮಾರು 650 ಕಿಲೊ. 2013ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ಕೆಟಿಎಂ 390 ಬೈಕಿನ ಇಂಜಿನ್ನು 373 ಸಿಸಿ, 43 ಅಶ್ವಶಕ್ತಿ. ಅರ್ಧಕ್ಕಿಂತ ಸಣ್ಣ ಹೊಟ್ಟೆ, ಆದರೂ ಬಲ ಹೆಚ್ಚು. ಕ್ಲಚ್ಚು, ಗೇರ್‌ಬಾಕ್ಸು ಎಲ್ಲ ಅದೇ ಡಬ್ಬಿಯೊಳಗೆ. ಉಕ್ಕಿನ ಕೊಳವೆಯ ಚಾಸಿ ಬೆಸೆದು 250 ಕಿಲೊದಲ್ಲಿ ಗಾಡಿ ಮುಗಿಸಿ, 70 ಕಿಲೊದ ಮನುಷ್ಯನನ್ನು ಕೂರಿಸಿದರೆ ಟನ್ನಿಗೆ 134 ಅಶ್ವಶಕ್ತಿ ಬಿತ್ತು. ಅದೇ ಮನುಷ್ಯ ಮಾರುತಿಯಲ್ಲಿ ಕೂತರೆ ಟನ್ನಿಗೆ 51. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್‌ನಂಥ ವಿದ್ಯಾರ್ಥಿ ತಂಡಗಳು ಕಟ್ಟುವ ಫಾರ್ಮುಲಾ ಗಾಡಿಗಳ ಗುಟ್ಟೂ ಇದೇ. ಆ ಗಾಡಿಗಳು ಇಳಿಯುವ ಸ್ಪರ್ಧೆಯ ನಿಯಮ ಇನ್ನೂ ಚೆಂದ: ಇಂಜಿನ್ 710 ಸಿಸಿ ದಾಟಬಾರದು, ಪೆಟ್ರೋಲ್ ಇಂಜಿನ್ನು ಎಳೆದುಕೊಳ್ಳುವ ಗಾಳಿಯೆಲ್ಲ 20 ಮಿಲಿಮೀಟರಿನ ಒಂದೇ ಕಿಂಡಿಯಲ್ಲಿ ಹೋಗಬೇಕು. ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದಷ್ಟು ತೂತು. ಎಲ್ಲರ ಮೂಗನ್ನೂ ಹೀಗೆ ಸಮನಾಗಿ ಹಿಡಿದ ಮೇಲೆ ಜಾಣತನಕ್ಕೆ ಉಳಿಯುವ ದೊಡ್ಡ ಜಾಗ ಯಾವುದು? ತೂಕವೇ.

‘ಅಶ್ವಶಕ್ತಿ ಇರಬಹುದು, ಜಗ್ಗುವ ಬಲ ಎಲ್ಲಿದೆ?’ ಎಂದು ಟ್ರ್ಯಾಕ್ಟರ್ ಬಲ್ಲವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಮಾರುತಿಯ ಟಾರ್ಕು 59 ನ್ಯೂಟನ್ ಮೀಟರ್, ಅದೂ ನಿಮಿಷಕ್ಕೆ 2,500 ಸುತ್ತಿನಲ್ಲೇ. ಕೆಟಿಎಂನದು 35, ಅದಕ್ಕೆ 7,000 ಸುತ್ತು ದಾಟಬೇಕು. ಇದರ ಉತ್ತರ ಬನಹಟ್ಟಿಯ ಯಾವುದೇ ಮಗ್ಗದ ಶೆಡ್ಡಿನಲ್ಲಿ ಕಣ್ಣೆದುರೇ ತಿರುಗುತ್ತಿದೆ. ಮೋಟಾರಿನ ಚಿಕ್ಕ ಪುಲ್ಲಿ ಗಿರಗಿರ ತಿರುಗುತ್ತದೆ, ಮಗ್ಗದ ದೊಡ್ಡ ಗಾಲಿ ಸಾವಕಾಶವಾಗಿ ಸುತ್ತುತ್ತದೆ. ಸುತ್ತು ಕಳೆದುಕೊಂಡಷ್ಟೂ ಬಲ ಕೈಗೆ ಬರುತ್ತದೆ. ಇಂಜಿನ್ನು ಮೂರು ಪಟ್ಟು ಜೋರಾಗಿ ತಿರುಗುವುದಾದರೆ ಚಕ್ರಕ್ಕೆ ಮುಟ್ಟುವ ಹೊತ್ತಿಗೆ ಆ 35ನ್ನು ಮೂರರಿಂದ ಗುಣಿಸಿಕೊಳ್ಳಬಹುದು, 105 ಆಯಿತು. ಹಿಂದಿನ ಸ್ಪ್ರಾಕೆಟ್ಟಿಗೆ ನಾಲ್ಕು ಹಲ್ಲು ಹೆಚ್ಚಿಗೆ ಹಾಕಿಸುವ ಗ್ಯಾರೇಜಿನ ಹುಡುಗನಿಗೆ ಈ ಗಣಿತವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆಕ್ಷೇಪ ನಿಜವಾಗುವುದು ಬೇರೆ ಕಡೆ, ಕ್ಲಚ್ಚಿನಲ್ಲಿ. ಬೈಕು, ಸವಾರ, ಹಿಂದೊಬ್ಬರು ಎಂದು ಲೆಕ್ಕ ಹಿಡಿದು ಮಾಡಿದ ತೆಳು ಪ್ಲೇಟುಗಳವು. ಐನೂರು ಕಿಲೊ ಗಾಡಿಯನ್ನು ನಿಂತಲ್ಲಿಂದ ಎತ್ತಿಸುತ್ತ ಹೋದರೆ ಸುಟ್ಟ ವಾಸನೆ ಬೇಗ ಬರುತ್ತದೆ. ಗಟ್ಟಿ ಸ್ಪ್ರಿಂಗು ಹಾಕಿದರೆ ತುಸು ತಡೆದೀತು. ಮದ್ದು ಮಾತ್ರ ಒಂದೇ, ತೂಕ ಇಳಿಸುವುದು. ತೆರಬಂಡಿಗೆ ಕಟ್ಟಿದರೆ ಈ ಎತ್ತು ಸಾಯುತ್ತದೆ, ಒಪ್ಪಿದೆ. ಕಟ್ಟಬೇಡಿ ಎಂದೇ ಹೇಳುತ್ತಿರುವುದು.

ಈ ಕೆಲಸದಲ್ಲಿ ನನಗೆ ಅತಿ ಪ್ರೀತಿಯ ಭಾಗ ಯಾರಿಗೂ ಕಾಣದ ಎಣ್ಣೆತೊಟ್ಟಿ. ಬೈಕು ತಿರುವಿನಲ್ಲಿ ವಾಲುತ್ತದೆ. ಎಷ್ಟು ವಾಲಿದರೂ ಒಳಗಿನ ಎಣ್ಣೆಗೆ ಅದರ ಅರಿವಿಲ್ಲ. ನೀರು ತುಂಬಿದ ಬಕೆಟ್ಟನ್ನು ಬೀಸಿ ತಿರುಗಿಸಿದಾಗ ನೀರು ತಳ ಬಿಡದ ಹಾಗೆ ಅದು ತೊಟ್ಟಿಯ ತಳಕ್ಕೇ ಅಂಟಿಕೊಂಡು, ಪಂಪಿನ ಬಾಯಿಗೆ ಸಿಗುತ್ತಲೇ ಇರುತ್ತದೆ. ಅದೇ ಇಂಜಿನ್ನನ್ನು ನಾಲ್ಕು ಚಕ್ರದ ಮೇಲೆ ನೆಟ್ಟಗೆ ಬಿಗಿದರೆ ಕಥೆ ಬದಲು. ಕಾರು ವಾಲುವುದಿಲ್ಲ, ಎಣ್ಣೆ ವಾಲುತ್ತದೆ. ತಿರುವಿನ ತಳ್ಳು ಗುರುತ್ವದಷ್ಟೇ ಆದರೆ ಎಣ್ಣೆಯ ಮೈ 45 ಡಿಗ್ರಿ ಓರೆಯಾಗಿ ಗೋಡೆ ಏರಿ ನಿಲ್ಲುತ್ತದೆ. ಪಂಪು ಎಣ್ಣೆಯ ಬದಲು ಗಾಳಿ ಹೀರುತ್ತದೆ. 9,000 ಸುತ್ತಿನಲ್ಲಿ, ಅಂದರೆ ಸೆಕೆಂಡಿಗೆ 150 ಸಲ ತಿರುಗುವಾಗ, ಕನೆಕ್ಟಿಂಗ್ ರಾಡಿನ ಬೇರಿಂಗಿಗೆ ಎಣ್ಣೆಯ ಪೊರೆ ಅರೆಗಳಿಗೆ ತಪ್ಪಿದರೂ ಸಾಕು, ಕಟಕಟ ಸದ್ದು ಶುರು. ಇದನ್ನು ತಪ್ಪಿಸಲು ತೊಟ್ಟಿಯೊಳಗೆ ತಗಡಿನ ಅಡ್ಡಗೋಡೆ ಬೆಸೆಯುತ್ತಾರೆ. ಪಂಪಿನ ಸುತ್ತ ಬೆಂಕಿಪೊಟ್ಟಣದಷ್ಟು ಚಿಕ್ಕ ಬಾಗಿಲುಗಳನ್ನು ತೂಗಿಬಿಡುತ್ತಾರೆ. ಮೀನು ಹಿಡಿಯುವ ಕೂಳಿಯ ಬಾಯಿಯಂತೆ ಅವು ಒಳಕ್ಕೆ ಬಿಡುತ್ತವೆ, ಹೊರಕ್ಕೆ ಬಿಡುವುದಿಲ್ಲ. ಬಲ ಹೆಚ್ಚಿಸುವುದಕ್ಕೆ ಹಣ ಸುರಿದು ಈ ತಗಡನ್ನು ಮರೆತವರ ಇಂಜಿನ್ನು ಬೇಗ ಗುಜರಿಗೆ ವಾಪಸಾಗುತ್ತದೆ.

ರಿವರ್ಸ್ ಗೇರ್ ಇಲ್ಲ ಎಂಬ ದೂರು ಉಳಿಯಿತು. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರನ್ನು ಹಿಮ್ಮುಖ ಓಡಿಸುವುದಕ್ಕೇ ಸ್ಪರ್ಧೆ ಇಟ್ಟು ಬಹುಮಾನ ಕೊಡುವ ನಾಡಿನಲ್ಲಿ ಹಿಂದೆ ಹೋಗದ ಕಾರು ಅವಮಾನವೇ ಸರಿ. ಹೊಂಡಾ 1988ರ ಗೋಲ್ಡ್ ವಿಂಗ್ ಬೈಕಿಗೆ ಸ್ಟಾರ್ಟರ್ ಮೋಟಾರಿನಿಂದಲೇ ಹಿಂದೆ ಸರಿಯುವ ಉಪಾಯ ಕೊಟ್ಟಿತ್ತು; ಕಾರಿಗೂ ಹಾಗೊಂದು ಮೋಟಾರು ಸಾಕು. ಇಲ್ಲದಿದ್ದರೆ ಇಳಿದು ತಳ್ಳಿ. ತಳ್ಳಲಾಗದಿದ್ದರೆ ಗಾಡಿ ಇನ್ನೂ ಭಾರವಿದೆ ಎಂದರ್ಥ. ಇಂಥ ಕೊರತೆಗಳೇ ಹೊಸ ದಾರಿ ತೋರಿಸಿದ್ದೂ ಉಂಟು. 1946ರಲ್ಲಿ ಇಂಗ್ಲೆಂಡಿನ ಸರ್ಬಿಟನ್‌ನಲ್ಲಿ ಚಾರ್ಲ್ಸ್ ಕೂಪರ್, ಜಾನ್ ಕೂಪರ್ ಎಂಬ ತಂದೆ–ಮಗ ಎರಡು ಪುಟ್ಟ ಫಿಯಟ್‌ಗಳ ಮುಂಭಾಗಗಳನ್ನು ಬೆನ್ನಿಗೆ ಬೆನ್ನು ಜೋಡಿಸಿ 500 ಸಿಸಿಯ ಜೆಎಪಿ ಬೈಕಿನ ಇಂಜಿನ್ ಇಟ್ಟರು. ಚೇನು ಹಿಂದಿನ ಚಕ್ರಕ್ಕೆ ಹೋಗಬೇಕಲ್ಲ, ಹಾಗಾಗಿ ಇಂಜಿನ್ನು ಚಾಲಕನ ಬೆನ್ನ ಹಿಂದೆ ಬಂತು. ರೇಸಿನ ಕಾರೆಂದರೆ ಮೂತಿಯಲ್ಲಿ ಇಂಜಿನ್ ಎಂದು ಬಹುತೇಕರು ನಂಬಿದ್ದ ಕಾಲವದು. 1959ರಲ್ಲಿ ಜಾಕ್ ಬ್ರಾಬಮ್ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದದ್ದು ಬೆನ್ನ ಹಿಂದೆ ಇಂಜಿನ್ ಇದ್ದ ಕೂಪರ್ ಕಾರಿನಲ್ಲೇ. ಆಮೇಲೆ ಮೂತಿಯ ಇಂಜಿನ್ನುಗಳ ದಿನ ಮುಗಿಯಿತು.

‘ಅಷ್ಟು ಚೆನ್ನಾಗಿದ್ದರೆ ಬಾದಲ್ ಯಾಕೆ ಉಳಿಯಲಿಲ್ಲ?’ ಎನ್ನುವವರಿದ್ದಾರೆ. 1970ರ ದಶಕದಲ್ಲಿ ಬೆಂಗಳೂರಿನ ಸನ್‌ರೈಸ್ ಕಂಪನಿ ಮಾಡಿದ ಮೂರು ಚಕ್ರದ ಫೈಬರ್ ಕಾರು ಅದು; ಹಿಂದೆ 198 ಸಿಸಿಯ ಟೂ ಸ್ಟ್ರೋಕ್ ಇಂಜಿನ್ನು. ಅದು ಉಳಿಯದ್ದು ನಿಜ. 1983ರ ಕೊನೆಗೆ ಮಾರುತಿ ಬಂದ ಮೇಲೆ ಅಂಥ ಕಾರುಗಳಿಗೆ ಮನೆಯಂಗಳದಲ್ಲಿ ಜಾಗವಿರಲಿಲ್ಲ. ಆದರೆ ಬಾದಲ್ ಸಂಸಾರದ ಕಾರಾಗಲು ಹೊರಟಿತ್ತು. ಸಂತೆ ಚೀಲ, ಅಜ್ಜಿ, ಮಳೆ, ಮದುವೆ ಇವೆಲ್ಲಕ್ಕೂ ಸಲ್ಲುವ ಕಾರಿಗೆ ಸದ್ದು ಕಡಿಮೆ ಇರಬೇಕು, ಬಾಗಿಲು ಗಟ್ಟಿಯಿರಬೇಕು, ಸೋತಾಗ ರಿಪೇರಿ ಸಿಗಬೇಕು. ಕಟ್ಟಿಕೊಂಡ ಹಗುರ ಗಾಡಿ ಅದ್ಯಾವುದನ್ನೂ ಕೊಡುತ್ತೇನೆ ಎನ್ನುವುದಿಲ್ಲ. ಕಾನೂನಿನ ಆಕ್ಷೇಪಕ್ಕೆ ಮಾತ್ರ ನನ್ನಲ್ಲಿ ಎದುರುವಾದವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, 2019ರ ಜನವರಿಯ ಸುಪ್ರೀಂ ಕೋರ್ಟ್ ತೀರ್ಪು ಎರಡೂ ತಯಾರಕರ ನಮೂನೆ ಮೀರಿ ಬದಲಿಸಿದ ಗಾಡಿಗೆ ರಸ್ತೆ ಮುಚ್ಚಿವೆ. ಕಬ್ಬಿನ ಟ್ರೇಲರುಗಳ ನಡುವೆ ಮೊಣಕಾಲೆತ್ತರದ ಗಾಡಿಯನ್ನು ನುಗ್ಗಿಸುವುದು ಕಾನೂನಿರಲಿ, ಬುದ್ಧಿಗೂ ಒಪ್ಪುವ ಮಾತಲ್ಲ. ಅದರ ಜಾಗ ಕಬ್ಬು ಕಡಿದು ಸಮ ಮಾಡಿದ ಸ್ವಂತ ಹೊಲ, ಇಲ್ಲವೇ ಕೊಯಮತ್ತೂರಿನ ‘ಕರಿ’ ಎಂಬ ರೇಸ್ ಟ್ರ್ಯಾಕಿನಂಥ ಕಡೆ. ಅಲ್ಲಿಯೂ ತಲೆಯ ಹಿಂದೆ ಉಕ್ಕಿನ ಕಮಾನು, ಭುಜಕ್ಕೆರಡು ಪಟ್ಟಿ ಬೇಕು. ತೂಕ ಉಳಿಸುವ ಹುಮ್ಮಸ್ಸಿನಲ್ಲಿ ಮುಟ್ಟಬಾರದ ಕಿಲೊಗಳು ಇವು.

ಕಟ್ಟಲು ಹೊರಟವರು ಇಂಜಿನ್ ಹುಡುಕುವ ಮೊದಲು ಕಾಟಾ ಹುಡುಕಲಿ. ಕಾರ್ಖಾನೆಯ ಕಬ್ಬಿನ ಕಾಟಾ ಇದಕ್ಕೆ ಬರುವುದಿಲ್ಲ. ಟನ್ನು ತೂಗುವ ಅದರ ಕಣ್ಣಿಗೆ ಎರಡು ಕಿಲೊದ ಬ್ರಾಕೆಟ್ಟು ಬೀಳದು. ಮಹಾಲಿಂಗಪುರದ ಪೇಟೆಯಲ್ಲಿ ಬೆಲ್ಲ ತೂಗುವಂಥ ನಾಲ್ಕು ತಕ್ಕಡಿಗಳನ್ನು ಹೊಂದಿಸಿ, ಚಕ್ರಕ್ಕೊಂದರಂತೆ ಇಟ್ಟು, ನಾಲ್ಕನ್ನೂ ಕೂಡಿಸಿ. ಓಡಿಸುವವರು ಆಗ ಸೀಟಿನಲ್ಲೇ ಕೂತಿರಲಿ. ಬಹಳ ಗಾಡಿಗಳಲ್ಲಿ ಮೊದಲು ಇಳಿಸಬೇಕಾದ ತೂಕ ಅಲ್ಲೇ ಇರುತ್ತದೆ.